‘ಅಂಥಾವರು’: ರಾತ್ರಿ ಸ್ಟ್ಯಾಂಡಿನ ಒಂದು ಶಬ್ದದ ಬಗ್ಗೆ

ಮೈ ಮಾರಿ ಬದುಕುವ ಹೆಣ್ಣನ್ನು ಬೈಯಲು ಕನ್ನಡದಲ್ಲಿ ಬೇಕಾದಷ್ಟು ಶಬ್ದಗಳಿವೆ. ಅದೇ ಕಸುಬಿನ ಗಂಡಿಗೆ? ‘ವಿಟ’ ಅಂದರೆ ಕೊಳ್ಳುವವನು. ಮಾರುವವನಿಗೆ ಆಡುಮಾತಿನಲ್ಲಿ ನನಗೆ ಸಿಕ್ಕಿದ್ದು ಒಂದೇ ಶಬ್ದ, ಅದೂ ಸರ್ವನಾಮ.

ಇಚಲಕರಂಜಿಯಿಂದ ಗಡಿಂಗ್ಲಜಕ್ಕೆ ಹೊರಟು, ಕೊಲ್ಹಾಪುರ ಸ್ಟ್ಯಾಂಡಿನಲ್ಲಿ ರಾತ್ರಿ ಬಸ್ಸಿಗೆ ಕಾಯುತ್ತಿದ್ದೆ. ಕಂಬದ ಹತ್ತಿರ ನಿಂತಿದ್ದ ಹುಡುಗ ಮರಾಠಿಯಲ್ಲಿ ಟೈಮ್ ಕೇಳಿದ. ಕಣ್ಣಿಗೆ ತೆಳ್ಳಗೆ ಕಾಡಿಗೆ. “ಒಬ್ಬನೇ ಏನು?” ಅಂದ. ಅಷ್ಟರಲ್ಲಿ ಚಹಾ ತಂದ ಮಾವ, “ಅಂಥಾವರ ಕೂಡ ಏನ್ ಮಾತು, ಬಾ ಈಕಡೆ” ಅಂದ್ರು. ಹುಡುಗ ಸರಿದು ಹೋದ. ಅವನೂ ಬಸ್ಸಿಗೇ ಕಾಯ್ತಿದ್ದಿರಬಹುದು. ಕಾಡಿಗೆಯೊಂದು ಬಿಟ್ಟರೆ ಸಾಕ್ಷಿ ಏನಿತ್ರಿ?

ನಮ್ಮ ಗಡಿಭಾಗದಲ್ಲಿ ‘ಜೋಗಪ್ಪ’ ಎಂಬ ಶಬ್ದವಿದೆ, ಖರೆ. ಆದರೆ ಅದು ಎಲ್ಲಮ್ಮನಿಗೆ ಬಿಟ್ಟವರದು. ಕಸುಬಿನ ಹೆಸರೆಂದು ಬಳಸುವುದು ಅನ್ಯಾಯ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಲಿಂಗಕಾಮಿಯ ಬದುಕನ್ನು ಕನ್ನಡ ಕಥೆಗೆ ತಂದಿತು. ಅಲ್ಲಿಂದ ಈ ಕಂಬದವರೆಗೆ ಇನ್ನೂ ದೂರವಿದೆ.

ಕಾನೂನು ಮಾತ್ರ ಇವನನ್ನು ಮೊದಲೇ ಗುರುತಿಸಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ‘ಸ್ತ್ರೀ ಅಥವಾ ಹುಡುಗಿ’ ಎಂದಿದ್ದ ಕಡೆ 1986ರ ತಿದ್ದುಪಡಿ ‘ವ್ಯಕ್ತಿ’ ಎಂದು ಬರೆಯಿತು. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದ ಗಂಡಿಗೆ 8ನೇ ಕಲಮಿನಡಿ 7 ದಿನದಿಂದ 3 ತಿಂಗಳ ಸಜೆ. 2018ರ ಸೆಪ್ಟೆಂಬರ್ 6ರ 377ನೇ ಕಲಮಿನ ತೀರ್ಪು ಖಾಸಗಿ ಸಮ್ಮತಿಯ ಸಂಬಂಧ ಕುರಿತದ್ದು. ಈ ಕಲಮು ಹಾಗೇ ಉಳಿದಿದೆ. ಹಾಗಾಗಿ ‘ಒಬ್ಬನೇ ಏನು’ ಅನ್ನೋದನ್ನ ಯಾರು ಹೇಗೆ ಕೇಳಿಸ್ಕೋತಾರೆ ಅನ್ನೋದರ ಮೇಲೆ ಆ ಹುಡುಗನ ರಾತ್ರಿ ನಿಂತಿರುತ್ತದೆ.

ಪಕ್ಕದ ಸಾಂಗ್ಲಿಯಲ್ಲಿ ‘ಮುಸ್ಕಾನ್’ ಎಂಬ ಸಂಘಟನೆಯಿದೆ. ಗಂಡು ಮತ್ತು ಟ್ರಾನ್ಸ್‌ಜೆಂಡರ್ ಲೈಂಗಿಕ ಕಾರ್ಮಿಕರದೇ. ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂದು ಅವರನ್ನೇ ಕೇಳುವುದು ನನ್ನ ಮುಂದಿನ ಕೆಲಸ.