ಚಿತ್ರ ನೋಡೋದಲ್ರೀ, ಚಿತ್ರ ಓದೋದು!

ಸಂಜೆ ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ಬಸ್ಸು. ಕಿಟಕಿ ಪಕ್ಕ ಒಬ್ಬ ಹುಡುಗ, ನಾಲ್ಕನೇ ಕ್ಲಾಸು ಇರಬಹುದು. ಜೊತೆಗೆ ಅವನ ಅಜ್ಜಿ. ಹುಡುಗ ಚೀಲದಿಂದ ಪುಸ್ತಕ ತೆಗೆದು ಒಂದಿಡೀ ಪುಟವನ್ನು ತಡೆರಹಿತ ಬಸ್ಸಿನ ವೇಗದಲ್ಲಿ ಓದಿ ಮುಗಿಸಿದ. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಅಜ್ಜಿಗೆ ಹಿಗ್ಗೋ ಹಿಗ್ಗು.

‘ಏನೈತೋ ಅದ್ರಾಗ?’ ಎಂದಳು.

ಹುಡುಗ ಮತ್ತೆ ಮೊದಲಿನಿಂದ ಓದತೊಡಗಿದ.

‘ಓದಿದ್ದು ಕೇಳಿದೆನಪ್ಪ. ಏನೈತಿ ಅದನ್ನ ಹೇಳು.’

‘ಮೇಷ್ಟ್ರು ಇನ್ನಾ ಕೊಶ್ಚನ್ ಆನ್ಸರ್ ಬರೆಸಿಲ್ಲಜ್ಜಿ!’

ಬಸ್ಸಿನಲ್ಲಿ ಸುತ್ತ ಕೂತವರೆಲ್ಲ ನಕ್ಕರು. ಅಜ್ಜಿ ನಗಲಿಲ್ಲ. ಪುಟದ ಮೇಲಿದ್ದ ಚಿತ್ರಕ್ಕೆ ಬೆರಳಿಟ್ಟು ಕೇಳಿದಳು: ‘ಈ ಮುದುಕ ಯಾಕ ಕೈ ಚಾಚ್ಯಾನ? ಬೇಡಾಕೋ, ಕೊಡಾಕೋ?’

ಹುಡುಗ ಬಗ್ಗಿ ನೋಡಿದ. ‘ಕೊಡಾಕಜ್ಜಿ.’

‘ಹೆಂಗ ಗೊತ್ತಾತು?’

‘ಬೆರಳ ಸಂದ್ಯಾಗ ಕಾಳು ಅದಾವ ನೋಡು.’ ಆಮೇಲೆ ತಾನಾಗಿಯೇ ಸಾಲಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದ. ‘ಹಕ್ಕಿಗೆ ಅಂತ ಬರ್ದೈತಿ!’

ಓದುಗರೇ, ಓದು ಬಾರದ ಆ ಅಜ್ಜಿ ಎರಡು ನಿಮಿಷದಲ್ಲಿ ಮಾಡಿದ್ದೇನು ಗೊತ್ತೆ? ಶಿಕ್ಷಣ ತಜ್ಞರು ತರಬೇತಿ ಇಟ್ಟು ಹೇಳಿಕೊಡುವ ‘ಆಳವಾದ ಓದಿ’ನ ಪಾಠವನ್ನು ಪುಕ್ಕಟೆಯಾಗಿ ಮಾಡಿ ತೋರಿಸಿದಳು.

ಅಕ್ಷರ ಬೇರೆ, ಓದು ಬೇರೆ

ಅಕ್ಷರ ಕೂಡಿಸಿ ಉಚ್ಚರಿಸುವುದಕ್ಕೆ ನಾವು ಓದು ಎಂದುಬಿಟ್ಟಿದ್ದೇವೆ. ಗೈಡಿನಲ್ಲಿದ್ದ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ‘ನಮ್ಮ ಹುಡುಗ ಶಾಣ್ಯಾ’ ಎಂದು ಬೀಗುತ್ತೇವೆ. ಅದೇ ಹುಡುಗನಿಗೆ ಕಾಣದ ನಾಲ್ಕು ಸಾಲು ಕೊಟ್ಟು ‘ಇದರ ಅರ್ಥ ಏನಪ್ಪ?’ ಎಂದರೆ ಮುಖ ಮುಖ ನೋಡುತ್ತಾನೆ. ತಪ್ಪು ಅವನದಲ್ಲ. ಪುಟದ ಮುಂದೆ ನಿಂತು ನೋಡು, ಹುಡುಕು, ಸಾಕ್ಷಿ ತೋರಿಸು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಹೇಳಿಕೊಡಲು ಸುಲಭದ ಸಾಧನ ಚಿತ್ರಪುಸ್ತಕ. ‘ಅದು ಚಿಕ್ಕ ಮಕ್ಕಳದಲ್ವೇ?’ ಎನ್ನಬೇಡಿ. ಅಕ್ಷರದಲ್ಲಿ ಎಡವುವ ಮಗುವಿಗೂ ಕಣ್ಣಿದೆ, ತಲೆ ಇದೆ. ಓದಲು ತಡವರಿಸುವ ಏಳನೇ ಕ್ಲಾಸಿನ ಹುಡುಗಿ ಕೂಡ ಚಿತ್ರದ ಮುಂದೆ ಕೂತರೆ ಯೋಚಿಸಬಲ್ಲಳು, ವಾದಿಸಬಲ್ಲಳು. ಆ ಯೋಚನೆಯ ಅಭ್ಯಾಸವೇ ನಾಳೆ ಬರೀ ಅಕ್ಷರದ ಪುಟಕ್ಕೂ ಬರುತ್ತದೆ.

ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬ ಲೇಖಕಿ 1968ರಲ್ಲಿ ‘ರೋಸೀಸ್ ವಾಕ್’ ಎಂಬ ಪುಟ್ಟ ಪುಸ್ತಕ ಮಾಡಿದರು. ಒಂದು ಕೋಳಿ ತೋಟದಲ್ಲಿ ಅಡ್ಡಾಡಿ ಮನೆಗೆ ಬಂತು. ಅಕ್ಷರದಲ್ಲಿ ಇರುವುದು ಅಷ್ಟೇ. ಆದರೆ ಚಿತ್ರದಲ್ಲಿ ಕೋಳಿಯ ಬೆನ್ನ ಹಿಂದೆ ಒಂದು ನರಿ ಹೊಂಚು ಹಾಕಿಕೊಂಡೇ ಬರುತ್ತದೆ. ನರಿ ಎಂಬ ಮಾತು ಪುಸ್ತಕದಲ್ಲಿ ಒಂದು ಕಡೆಯೂ ಇಲ್ಲ! ಬರೆದಿದ್ದನ್ನಷ್ಟೇ ಓದಿದವನಿಗೆ ಕಥೆಯೇ ಸಿಗುವುದಿಲ್ಲ. ಬರೆಯದೆ ಬಿಟ್ಟದ್ದನ್ನೂ ಹುಡುಕಬೇಕು ಎಂಬುದು ಮಗುವಿಗೆ ಅಲ್ಲೇ ಮನದಟ್ಟಾಗುತ್ತದೆ.

ನಾಲ್ಕೇ ಪ್ರಶ್ನೆ

ಮನೆಯಲ್ಲಾಗಲಿ, ಶಾಲೆಯಲ್ಲಾಗಲಿ, ಮಾಡಬೇಕಾದ್ದು ಇಷ್ಟು. ಮೊದಲ ದಿನ ಅಕ್ಷರದ ಮೇಲೆ ಒಂದು ಕಾಗದ ಮುಚ್ಚಿ ಚಿತ್ರ ಮಾತ್ರ ತೋರಿಸಿ.

ಒಂದನೇ ಪ್ರಶ್ನೆ, ‘ಏನು ಕಾಣ್ತೈತಿ?’ ಕಂಡದ್ದನ್ನಷ್ಟೇ ಹೇಳಬೇಕು. ‘ಹುಡುಗಿಗೆ ದುಃಖ ಆಗಿದೆ’ ಅಂದರೆ ಅದು ಊಹೆ. ‘ಕಣ್ಣಲ್ಲಿ ನೀರಿದೆ’ ಅಂದರೆ ಅದು ಕಂಡದ್ದು. ಕಣ್ಣಿಗೆ ಹೊಗೆ ಹೋಗಿರಬಹುದಲ್ಲ!

ಎರಡನೇದು ಅಜ್ಜಿಯ ಪ್ರಶ್ನೆ, ‘ಹೆಂಗ ಗೊತ್ತಾತು?’ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಉತ್ತರ ಇನ್ನೂ ಹಣ್ಣಾಗಿಲ್ಲ ಎಂದರ್ಥ.

ಮೂರನೇದು, ‘ಮುಂದೇನಾಗ್ತೈತಿ?’ ಹಾಳೆ ತಿರುವುವ ಮುಂಚೆ ಹೇಳಬೇಕು, ತಿರುವಿದ ಮೇಲೆ ಸರಿಯೋ ತಪ್ಪೋ ನೋಡಬೇಕು. ತಪ್ಪಾದರೆ ಬೈಯುವ ಹಾಗಿಲ್ಲ. ಯಾವ ಗುರುತು ಕಣ್ಣು ತಪ್ಪಿಸಿತು ಎಂದು ಹಿಂದಿನ ಪುಟಕ್ಕೆ ಹೋಗಬೇಕು.

ಮರುದಿನ ಕಾಗದ ತೆಗೆದು ಅಕ್ಷರ ಓದಿಸಿ. ಆಗ ನಾಲ್ಕನೇ ಪ್ರಶ್ನೆ, ‘ಚಿತ್ರ ಹೇಳದೆ ಬಿಟ್ಟದ್ದನ್ನು ಅಕ್ಷರ ಏನು ಹೇಳಿತು? ಅಕ್ಷರ ಬಿಟ್ಟದ್ದನ್ನು ಚಿತ್ರ ಏನು ಹೇಳಿತು?’ ಅದೇ ಪುಸ್ತಕವನ್ನು ಮೂರನೇ ದಿನವೂ ಓದಿ. ‘ಓದಿದ್ದೇ ಎಷ್ಟು ಸಲ ಓದೋದು?’ ಎಂದು ಮಗು ಗೊಣಗಬಹುದು. ಆದರೆ ನೋಡುತ್ತಿರಿ, ಮೂರನೇ ಸಲವೂ ಅದಕ್ಕೆ ಹೊಸದೊಂದು ಸಿಗುತ್ತದೆ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ಹಂಪಿಯ ಹಜಾರರಾಮ ಗುಡಿಗೆ ಹೋದವರು ನೋಡಿರುತ್ತೀರಿ. 15ನೇ ಶತಮಾನದ ಆ ಗುಡಿಯ ಗೋಡೆಗಳಲ್ಲಿ ರಾಮಾಯಣ ಸಾಲು ಸಾಲಾಗಿ ಕಲ್ಲಿನಲ್ಲಿ ಮೂಡಿದೆ. ಅಕ್ಷರ ಬಾರದವರೂ ಸುತ್ತು ಹಾಕುತ್ತಾ ಕಥೆ ಹಿಡಿಯಬಲ್ಲ ಕಲ್ಲಿನ ಪುಸ್ತಕ ಅದು. ಅಷ್ಟು ದೂರ ಯಾಕೆ, ನಮ್ಮ ದೊಡ್ಡಬಸವೇಶ್ವರನಿಗೆ ದಿನಾ ಕೈ ಮುಗಿಯುವ ಕುರುಗೋಡಿನವರೇ, ಬಸವಣ್ಣ ಯಾವ ಕಾಲು ಮುಂದಿಟ್ಟು ಕೂತಿದ್ದಾನೆ? ನೋಡದೆ ಹೇಳಿ ನೋಡೋಣ! ನೋಡಿದ್ದೇವೆ ಸ್ವಾಮಿ, ಓದಿಲ್ಲ.

ಗೊಬ್ಬರದಂಗಡಿಯ ಚಿತ್ರ

‘ಇದರಿಂದ ಹೊಟ್ಟೆ ತುಂಬ್ತೈತೇನು?’ ಎಂಬ ಪ್ರಶ್ನೆ ಅಂಗಡಿ ಕಟ್ಟೆಯಿಂದ ಬರುವುದು ಸಹಜ. ಉತ್ತರವೂ ಅಂಗಡಿಯಲ್ಲೇ ಇದೆ. ನಮ್ಮದು ಭತ್ತ, ಹತ್ತಿ, ಮೆಣಸಿನಕಾಯಿಯ ಸೀಮೆ. ಗೊಬ್ಬರದಂಗಡಿಯಿಂದ ಬರುವ ಬೆಳೆ ಔಷಧಿಯ ಡಬ್ಬಿಯನ್ನು ತಿರುಗಿಸಿ ನೋಡಿ. ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಎಂದರೆ ಅತಿ ಘೋರ ವಿಷ, ಮೇಲಿನ ಅರ್ಧದಲ್ಲಿ ತಲೆಬುರುಡೆ. ಹಳದಿ ಅದರ ನಂತರದ್ದು. ನೀಲಿ ಮಧ್ಯಮ. ಹಸಿರು ಇದ್ದುದರಲ್ಲಿ ಕಡಿಮೆ.

ಇಲ್ಲೇ ಇರುವುದು ಅಪಾಯ. ಸಿಗ್ನಲ್ ದೀಪ ನೋಡಿದ ಕಣ್ಣಿಗೆ ಹಸಿರು ಎಂದರೆ ‘ಹೋಗಬಹುದು’. ಡಬ್ಬಿಯ ಮೇಲಿನ ಹಸಿರು ಹಾಗೆ ಹೇಳುವುದಿಲ್ಲ. ಅದೂ ವಿಷವೇ, ಅದಕ್ಕೂ ಎಚ್ಚರಿಕೆ ಬೇಕು. ಚಿತ್ರ ನೋಡಿ ಊಹಿಸಿದವನು ಬರಿಗೈಯಲ್ಲಿ ಕಲಸುತ್ತಾನೆ. ಚಿತ್ರ ನೋಡಿ ಪಕ್ಕದ ಅಕ್ಷರಕ್ಕೂ ಬೆರಳಿಟ್ಟು ‘ಹೆಂಗ ಗೊತ್ತಾತು?’ ಎಂದವನು ಕೈಗವಸು ಹುಡುಕುತ್ತಾನೆ. ಅಪ್ಪನಿಗೆ ಓದು ಬಾರದ ಮನೆಯಲ್ಲಿ ಡಬ್ಬಿ ಓದಿ ಹೇಳಬೇಕಾದವನು ಅದೇ ನಾಲ್ಕನೇ ಕ್ಲಾಸಿನ ಹುಡುಗ. ಅವನು ಗಡಗಡ ಓದಿದರೆ ಸಾಕೋ, ತಿಳಿದು ಓದಬೇಕೋ, ನೀವೇ ಹೇಳಿ. ಸಾಲದ ಕಾಗದ, ಮಾತ್ರೆಯ ಚೀಟಿ, ಮೊಬೈಲಿಗೆ ಬರುವ ಮೋಸದ ಸಂದೇಶ, ಎಲ್ಲಕ್ಕೂ ಇದೇ ಮಾತು.

ಪುಸ್ತಕ ಎಲ್ಲಿಂದ?

ಸರ್ಕಾರ ಈ ದಾರಿ ಕಾಣದೆ ಕೂತಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಚಿತ್ರದ ಕಾರ್ಡುಗಳೊಂದಿಗೆ ಶುರುವಾದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಮೂರನೇ ತರಗತಿ ಮುಗಿಸುವ ಮಗು ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿಯ ‘ನಿಪುಣ್ ಭಾರತ್’ 2021ರಲ್ಲಿ ಆರಂಭವಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ‘ಓದುವ ಬೆಳಕು’ 2020ರ ನವೆಂಬರಿನದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತು ಮೊಬೈಲ್ ತೀಡುವ ಅಣ್ಣಂದಿರು ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ಕಥೆ ತೆಗೆದರೆ ನಷ್ಟವೇನೂ ಇಲ್ಲ.

ಪುಸ್ತಕ ಬೀರುವಿನಲ್ಲಿ ಬೀಗದೊಳಗೆ ಕೂತರೆ ಮಾತ್ರ ಯಾವ ಯೋಜನೆಯಿಂದಲೂ ಉಪಯೋಗವಿಲ್ಲ. ‘ಮಕ್ಕಳು ಹರೀತಾರೆ’ ಎಂಬ ಭಯ ಬಿಡಬೇಕು. ಹರಿದ ಪುಸ್ತಕ ಯಾರೋ ಓದಿದ ಪುಸ್ತಕ. ವಾರಕ್ಕೆ ಒಂದು ಪಿರಿಯಡ್, ಒಂದು ಪುಸ್ತಕ, ನಾಲ್ಕು ಪ್ರಶ್ನೆ. ಇಷ್ಟಕ್ಕೆ ಹೊಸ ಅನುದಾನ ಬೇಕಿಲ್ಲ. ಸಂಬಂಧಪಟ್ಟವರು ಗಮನಿಸುವರೇ?

ಅಂದಹಾಗೆ, ಕುರುಗೋಡು ಬಂದಾಗ ಆ ಹುಡುಗ ಬಸ್ ಇಳಿಯಲಿಲ್ಲ. ಪುಸ್ತಕದಲ್ಲೇ ಮುಳುಗಿದ್ದ. ‘ಇಳಿಯೋ, ಊರು ಬಂತು’ ಎಂದಳು ಅಜ್ಜಿ.

ಹುಡುಗ ತಲೆ ಎತ್ತದೆ ಕೇಳಿದ: ‘ಹೆಂಗ ಗೊತ್ತಾತಜ್ಜಿ?’