ನಿಮಗಿದು ಗೊತ್ತೇ? ಅನಿಮೇಷನ್ ಚಿತ್ರಗಳಿಗೆ ಪಂಕ್ತಿಭೇದ

● 1939ರ ಆಸ್ಕರ್ ಸಮಾರಂಭದಲ್ಲಿ ವಾಲ್ಟ್ ಡಿಸ್ನಿಯ ಕೈಗೆ ಬಂದದ್ದು ಒಂದು ದೊಡ್ಡ ಪ್ರತಿಮೆ, ಏಳು ಪುಟಾಣಿ ಪ್ರತಿಮೆ. ‘ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್’ ಚಿತ್ರದ ರಾಜಕುಮಾರಿಗೊಂದು, ಏಳು ಜನ ಕುಳ್ಳರಿಗೆ ತಲಾ ಒಂದು ಎಂಬ ಲೆಕ್ಕ. ಕೊಟ್ಟವಳು ಹತ್ತು ವರ್ಷದ ಬಾಲತಾರೆ ಶರ್ಲಿ ಟೆಂಪಲ್. ಎಲ್ಲ ಮುದ್ದಾಗಿತ್ತು, ಆದರೆ ಅದು ಗೌರವ ಪ್ರಶಸ್ತಿ. ಸ್ಪರ್ಧೆಯಲ್ಲಿ ಆ ಚಿತ್ರಕ್ಕೆ ದಕ್ಕಿದ್ದು ಸಂಗೀತಕ್ಕೊಂದು ನಾಮನಿರ್ದೇಶನ, ಅಷ್ಟೇ.

● ಅನಿಮೇಷನ್ ಕಿರುಚಿತ್ರಗಳಿಗೆ ಆಸ್ಕರ್‌ನಲ್ಲಿ 1932ರಲ್ಲೇ ಪ್ರತ್ಯೇಕ ವಿಭಾಗವಿತ್ತು. ಮೊದಲು ಗೆದ್ದದ್ದು ಡಿಸ್ನಿಯ ‘ಫ್ಲವರ್ಸ್ ಅಂಡ್ ಟ್ರೀಸ್’. ಅಲ್ಲಿಂದ ಸತತ ಎಂಟು ಸಲ ಆ ಪ್ರಶಸ್ತಿ ಅವರ ಮನೆ ಬಿಟ್ಟು ಕದಲಲಿಲ್ಲ. ಪೂರ್ಣಪ್ರಮಾಣದ ಚಿತ್ರಗಳು ಮಾತ್ರ ತಮ್ಮ ವಿಭಾಗಕ್ಕಾಗಿ 2002ರ ಸಮಾರಂಭದ ತನಕ ಕಾಯಬೇಕಾಯಿತು.

● ಅಷ್ಟೂ ವರ್ಷ ಅಕಾಡೆಮಿ ಏನು ಮಾಡುತ್ತಿತ್ತು? ಯಾವುದಾದರೂ ಅನಿಮೇಷನ್ ಚಿತ್ರ ಕಣ್ಣುಮುಚ್ಚಿ ಕೂರಲಾಗದಷ್ಟು ಚೆನ್ನಾಗಿದ್ದರೆ ಒಂದು ವಿಶೇಷ ಪ್ರಶಸ್ತಿ ಕೊಟ್ಟು ಸಮಾಧಾನ ಮಾಡುತ್ತಿತ್ತು. ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ (1988) ಚಿತ್ರದ ರಿಚರ್ಡ್ ವಿಲಿಯಮ್ಸ್‌ಗೆ ಒಂದು, ‘ಟಾಯ್ ಸ್ಟೋರಿ’ಯ (1995) ಜಾನ್ ಲ್ಯಾಸೆಟರ್‌ಗೆ ಒಂದು.

● ಅತ್ಯುತ್ತಮ ಚಿತ್ರದ ಪಟ್ಟಿ ಸೇರಿದ ಮೊದಲ ಅನಿಮೇಷನ್ ಚಿತ್ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ (1991). ಐದೇ ಚಿತ್ರಗಳಿಗೆ ಜಾಗವಿದ್ದ ಕಾಲವದು. ಸೋತದ್ದು ನರಭಕ್ಷಕ ವೈದ್ಯನೊಬ್ಬನ ಕಥೆಯ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಎದುರು. ಆಮೇಲೆ ಆ ಪಟ್ಟಿಗೆ ಬಂದದ್ದು ‘ಅಪ್’ (2009), ‘ಟಾಯ್ ಸ್ಟೋರಿ 3’ (2010) ಎರಡೇ. ಅದೂ ಪಟ್ಟಿಯನ್ನು ಹತ್ತಕ್ಕೆ ಹಿಗ್ಗಿಸಿದ ಮೇಲೆ. ಮೂರರಲ್ಲಿ ಒಂದೂ ಗೆಲ್ಲಲಿಲ್ಲ.

● 2008ರಲ್ಲಿ ಲಾಸ್ ಏಂಜಲೀಸ್‌ನ ವಿಮರ್ಶಕರ ಸಂಘ ವರ್ಷದ ಅತ್ಯುತ್ತಮ ಚಿತ್ರವೆಂದು ಆರಿಸಿದ್ದು ಕಸ ಗುಡಿಸುವ ರೋಬೊ ಒಂದರ ಕಥೆಯನ್ನು, ‘ವಾಲ್-ಈ’ಯನ್ನು. ‘ಅತ್ಯುತ್ತಮ ಅನಿಮೇಷನ್ ಚಿತ್ರ’ ಎಂದಲ್ಲ, ಬರೀ ‘ಅತ್ಯುತ್ತಮ ಚಿತ್ರ’ ಎಂದು. ಅದೇ ಊರಿನ ಆಸ್ಕರ್ ಅದಕ್ಕೆ ಆರು ನಾಮನಿರ್ದೇಶನ ಕೊಟ್ಟಿತು, ಮುಖ್ಯ ಪಟ್ಟಿಗೆ ಮಾತ್ರ ಸೇರಿಸಲಿಲ್ಲ.

● ಆಸ್ಕರ್ ಹೊಸ ವಿಭಾಗ ತೆರೆದ ಮೊದಲ ವರ್ಷ ಅರ್ಹತೆ ಪಡೆದದ್ದು ಒಂಬತ್ತು ಚಿತ್ರ. ಆಗಿನ ನಿಯಮದ ಪ್ರಕಾರ ಎಂಟಕ್ಕಿಂತ ಕಡಿಮೆಯಾದರೆ ಆ ವರ್ಷ ಪ್ರಶಸ್ತಿಯೇ ಇಲ್ಲ. ಇನ್ನೆರಡು ಕೈಕೊಟ್ಟಿದ್ದರೆ ‘ಶ್ರೆಕ್’ ಬರಿಗೈಲಿ ಮನೆಗೆ ಹೋಗುತ್ತಿತ್ತು. ಆ ಒಂಬತ್ತರಲ್ಲಿ ನಮ್ಮ ರಾಮನೂ ಇದ್ದ! ಜಪಾನಿನ ಯೂಗೊ ಸಾಕೊ ಮತ್ತು ಭಾರತದ ರಾಮ್ ಮೋಹನ್ ಸೇರಿ ಮಾಡಿದ ರಾಮಾಯಣ, ‘ದಿ ಪ್ರಿನ್ಸ್ ಆಫ್ ಲೈಟ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಗಿತ್ತು. ಹಿಂದಿಯಲ್ಲಿ ರಾಮನಿಗೆ ದನಿ ಕೊಟ್ಟವರು ಟೀವಿಯ ರಾಮನೇ ಆದ ಅರುಣ್ ಗೋವಿಲ್. ಅಮೆರಿಕದ ಇಂಗ್ಲಿಷ್ ಆವೃತ್ತಿಯಲ್ಲಿ ಯಾರು ಗೊತ್ತೇ? ಮುಂದೆ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಲ್ಲಿ ಮಾದಕವಸ್ತು ತಯಾರಿಸುವ ಮೇಷ್ಟ್ರಾಗಿ ಹೆಸರಾದ ಬ್ರಯನ್ ಕ್ರ್ಯಾನ್‌ಸ್ಟನ್.

● ಬೇರೆ ವಿಭಾಗ ಕೊಟ್ಟರೆ ಮರ್ಯಾದೆ ಹೆಚ್ಚುತ್ತದೆಯೇ? ಗೋಲ್ಡನ್ ಗ್ಲೋಬ್‌ನ ಕಥೆ ಕೇಳಿ. ಅಲ್ಲಿ ಪ್ರತ್ಯೇಕ ವಿಭಾಗವಿಲ್ಲದ ಕಾಲದಲ್ಲಿ ‘ಬ್ಯೂಟಿ ಅಂಡ್ ದಿ ಬೀಸ್ಟ್’, ‘ದಿ ಲಯನ್ ಕಿಂಗ್’, ‘ಟಾಯ್ ಸ್ಟೋರಿ 2’ ಮೂರೂ ನಟ-ನಟಿಯರ ಚಿತ್ರಗಳನ್ನು ಸೋಲಿಸಿ ಸಂಗೀತ-ಹಾಸ್ಯ ವಿಭಾಗದ ಅತ್ಯುತ್ತಮ ಚಿತ್ರಗಳಾಗಿದ್ದವು. 2007ರಲ್ಲಿ ಅನಿಮೇಷನ್‌ಗೆಂದೇ ಬೇರೆ ಪ್ರಶಸ್ತಿ ಬಂತು. ಅದಾದ ಮೇಲೆ ಆ ದೊಡ್ಡ ಪ್ರಶಸ್ತಿ ಒಂದೇ ಒಂದು ಅನಿಮೇಷನ್ ಚಿತ್ರಕ್ಕೂ ಸಿಕ್ಕಿಲ್ಲ.

● ಜಪಾನಿನಲ್ಲೂ ಅದೇ ರಾಗ. ಅಲ್ಲಿನ ಅಕಾಡೆಮಿ ಪ್ರಶಸ್ತಿಯಲ್ಲಿ ಹಯಾವೊ ಮಿಯಾಝಾಕಿಯ ‘ಪ್ರಿನ್ಸೆಸ್ ಮೊನೊನೊಕೆ’, ‘ಸ್ಪಿರಿಟೆಡ್ ಅವೇ’ ಎರಡೂ ವರ್ಷದ ಶ್ರೇಷ್ಠ ಚಿತ್ರಗಳಾಗಿದ್ದವು. 2007ರಲ್ಲಿ ಅನಿಮೇಷನ್‌ಗೆ ಪ್ರತ್ಯೇಕ ಪ್ರಶಸ್ತಿ ಶುರುವಾಯಿತು, ನಂತರದ ವರ್ಷಗಳಲ್ಲಿ ಆ ಗೌರವ ನಟ-ನಟಿಯರ ಚಿತ್ರಗಳ ಪಾಲಾಯಿತು. ಅನಿಮೆಯ ತವರಿನಲ್ಲೇ ಹೀಗೆ. ಪಂಕ್ತಿ ಬೇರೆ ಮಾಡಿದವರು ಬಡಿಸುವಾಗ ಪಾಯಸದ ಪಾತ್ರೆಯನ್ನು ಆ ಕಡೆಗೆ ತರುವುದಿಲ್ಲ ಎಂಬುದು ನಮ್ಮೂರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

● ಬರ್ಲಿನ್ ಚಿತ್ರೋತ್ಸವದಲ್ಲಿ ಅಂಥ ಪಂಕ್ತಿ ಇರಲಿಲ್ಲ. 2002ರಲ್ಲಿ ಅಲ್ಲಿನ ಅತ್ಯುನ್ನತ ‘ಚಿನ್ನದ ಕರಡಿ’ಯನ್ನು ‘ಸ್ಪಿರಿಟೆಡ್ ಅವೇ’ ಮತ್ತು ‘ಬ್ಲಡಿ ಸಂಡೇ’ ಹಂಚಿಕೊಂಡವು. ಒಂದು ಸ್ನಾನಗೃಹಕ್ಕೆ ಬರುವ ದೇವತೆಗಳ ಕಥೆ, ಇನ್ನೊಂದು ಉತ್ತರ ಐರ್ಲೆಂಡಿನ ಗೋಲಿಬಾರಿನ ಕಥೆ. ತೀರ್ಪುಗಾರರಿಗೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಕಷ್ಟವೆನಿಸಲಿಲ್ಲ.

● ಹಾಗಾದರೆ ಈ ವಿಭಾಗವನ್ನೇ ರದ್ದು ಮಾಡೋಣವೇ? ಬೇಡ. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ನೋಡಿ. ನೆರೆಯಲ್ಲಿ ಸಿಕ್ಕಿಬಿದ್ದ ಒಂದು ಬೆಕ್ಕಿನ ಕಥೆ. ಮಾತೇ ಇಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಉಚಿತ ಸಾಫ್ಟ್‌ವೇರ್ ‘ಬ್ಲೆಂಡರ್’ನಲ್ಲಿ ಮಾಡಿದ್ದು. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್‌ರ ದೇಶ ಲಾಟ್ವಿಯಾಕ್ಕೆ ಅದೇ ಮೊದಲ ಆಸ್ಕರ್. ಅತ್ಯುತ್ತಮ ಚಿತ್ರದ ಸಾಲಿನಲ್ಲಿ ಹಾಲಿವುಡ್ಡಿನ ಪ್ರಚಾರದ ದುಡ್ಡಿನೆದುರು ಆ ಬೆಕ್ಕು ಎಷ್ಟು ದೂರ ಈಜುತ್ತಿತ್ತು, ಹೇಳಿ.

● ಒಂದೇ ಚಿತ್ರ ಮೂರು ಪಂಕ್ತಿಯಲ್ಲಿ ಕೂತದ್ದೂ ಇದೆ. ಅಫ್ಘಾನಿಸ್ತಾನದಿಂದ ಓಡಿಬಂದವನೊಬ್ಬನ ನಿಜ ಜೀವನ ಹೇಳುವ ಡೆನ್ಮಾರ್ಕಿನ ‘ಫ್ಲೀ’ 2022ರಲ್ಲಿ ಅನಿಮೇಷನ್, ಸಾಕ್ಷ್ಯಚಿತ್ರ, ಅಂತರರಾಷ್ಟ್ರೀಯ ಚಿತ್ರ ಮೂರೂ ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ಮೊದಲ ಸಲ ಆದದ್ದು. ಮುಖ ಮರೆಸಿಕೊಳ್ಳಬೇಕಿದ್ದ ಮನುಷ್ಯನ ಕಥೆಗೆ ಚಿತ್ರ ಬರೆಯುವುದೇ ದಾರಿಯಾಗಿತ್ತು. ‘ಅನಿಮೇಷನ್ ಮಕ್ಕಳಿಗೆ’ ಎನ್ನುವವರು ಇದನ್ನೊಮ್ಮೆ ನೋಡಿದರೆ ಸಾಕು.

● 2019ರ ‘ದಿ ಲಯನ್ ಕಿಂಗ್’ನಲ್ಲಿ ನಿಜವಾದ ಕ್ಯಾಮೆರಾ ಹಿಡಿದ ದೃಶ್ಯ ಒಂದೇ ಒಂದು. ಆರಂಭದ ಸೂರ್ಯೋದಯ. ಉಳಿದ ಸಿಂಹ, ಹುಲ್ಲು, ಧೂಳು ಎಲ್ಲ ಕಂಪ್ಯೂಟರಿನದು. ಗೋಲ್ಡನ್ ಗ್ಲೋಬ್ ಇದನ್ನು ಅನಿಮೇಷನ್ ಎಂದು ಪಟ್ಟಿ ಮಾಡಿತು, ಆಸ್ಕರ್‌ನಲ್ಲಿ ನಾಮನಿರ್ದೇಶನ ಸಿಕ್ಕಿದ್ದು ವಿಷುವಲ್ ಎಫೆಕ್ಟ್ಸ್ ವಿಭಾಗದಲ್ಲಿ. ಆಸ್ಕರ್ ನಿಯಮದಲ್ಲಿ ಚಿತ್ರದ ಮುಕ್ಕಾಲು ಪಾಲು ಅವಧಿ ಅನಿಮೇಷನ್ ಇರಬೇಕು, ನಟರ ಚಲನೆ ಸೆರೆಹಿಡಿಯುವ ಮೋಷನ್ ಕ್ಯಾಪ್ಚರ್ ಒಂದೇ ಇದ್ದರೆ ಸಾಲದು.

● ನಮ್ಮ ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಕ್ಕೆ ವಿಭಾಗ ಬಂದದ್ದು 2006ರ ಚಿತ್ರಗಳಿಂದ. ಮೊದಲು ಗೆದ್ದದ್ದು ತೆಲುಗಿನ ‘ಕಿಟ್ಟು’. ಮುಂದೆ ಗೆದ್ದವುಗಳಲ್ಲಿ ‘ರೋಡ್‌ಸೈಡ್ ರೋಮಿಯೊ’, ‘ಡೆಲ್ಲಿ ಸಫಾರಿ’ ಸೇರಿವೆ. ಈಗ ಆ ವಿಭಾಗ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ನಾಲ್ಕನ್ನೂ ಒಟ್ಟಿಗೆ ಕಟ್ಟಿದ ‘ಎವಿಜಿಸಿ’ ಗಂಟು. ಆ ಗಂಟಿನಿಂದ 70ನೇ ಸಾಲಿನಲ್ಲಿ ಪ್ರಶಸ್ತಿ ಪಡೆದದ್ದು ರಣಬೀರ್ ಕಪೂರ್ ನಟನೆಯ ‘ಬ್ರಹ್ಮಾಸ್ತ್ರ’, 71ನೇ ಸಾಲಿನಲ್ಲಿ ತೇಜಾ ಸಜ್ಜಾ ನಟನೆಯ ‘ಹನು-ಮಾನ್’. ಗ್ರಾಫಿಕ್ಸ್ ಇದೆ ನಿಜ, ಆದರೆ ಎರಡರಲ್ಲೂ ಎದುರಿಗೆ ನಿಂತು ನಟಿಸಿದವರು ರಕ್ತಮಾಂಸದ ನಾಯಕರು. ಬೇರೆ ಪಂಕ್ತಿ ಹಾಕಿದ್ದೂ ಆಯಿತು, ಎಲೆಯ ಮುಂದೆ ಕೂತವರು ಬೇರೆಯವರು! ನನ್ನನ್ನು ಕೇಳಿದರೆ, ಅನಿಮೇಷನ್‌ಗೆ ಮಾತ್ರ ಮೀಸಲಾದ ವಿಭಾಗದ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಬೇಕಿಲ್ಲ.

● ಎವಿಜಿಸಿ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. 2025ರ ಜುಲೈನಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ನೂರಾರು ಕೋಟಿ ಗಳಿಸಿದ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ವನ್ನು ಅರ್ಪಿಸಿದ್ದೂ ‘ಕೆಜಿಎಫ್’, ‘ಕಾಂತಾರ’ದ ಹೊಂಬಾಳೆ ಫಿಲ್ಮ್ಸ್. ನಿರ್ದೇಶಕ ಅಶ್ವಿನ್ ಕುಮಾರ್. ಥಿಯೇಟರಿನಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ಕೂತವರು ಅದನ್ನು ಮಕ್ಕಳ ಚಿತ್ರವೆಂದು ತಿಳಿದಿರಲಿಕ್ಕಿಲ್ಲ.

● ಕೊನೆಗೊಂದು. ಆಸ್ಕರ್‌ನ ಯಾವುದೇ ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬೇಕಾದರೆ ಅಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕೆಂದು ಅಕಾಡೆಮಿ ನಿಯಮ ಮಾಡಿದ್ದು ಯಾವಾಗ ಗೊತ್ತೇ? 2025ರ ಏಪ್ರಿಲ್‌ನಲ್ಲಿ! ಅದಕ್ಕೂ ಮುಂಚೆ, ಅನಿಮೇಷನ್ ಚಿತ್ರಗಳನ್ನು ತಾವು ನೋಡುವುದೇ ಇಲ್ಲವೆಂದು ಕೆಲವು ಮತದಾರರು ಹೆಸರು ಮುಚ್ಚಿಟ್ಟುಕೊಂಡು ಪತ್ರಿಕೆಗಳಿಗೆ ಹೇಳಿದ್ದರು.