ಹಳಿ ಮುಗಿದಲ್ಲಿ ಕಾಯುತ್ತಿದ್ದ ಹಡಗು

ಗ್ಲಾಸ್ಗೋದಿಂದ ಹೊರಟ ರೈಲು ಕ್ರೇಗೆಂಡೋರನ್‌ನಲ್ಲಿ ನಿಂತರೂ ಪ್ರಯಾಣ ಮುಗಿಯುತ್ತಿರಲಿಲ್ಲ. ನಿಲ್ದಾಣಕ್ಕೆ ಹೊಂದಿಕೊಂಡೇ ಹಡಗುಕಟ್ಟೆಯಿತ್ತು. ಅಲ್ಲಿ ರೈಲ್ವೆ ಕಂಪನಿಯದ್ದೇ ಹಡಗು ಕಾದಿರುತ್ತಿತ್ತು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಡಲು ಬೆಟ್ಟಗಳ ನಡುವೆ ಮೈಲಿಗಟ್ಟಲೆ ಒಳನುಗ್ಗಿದೆ. ಹಳಿ ಹಾಕಲಾಗದ ಊರುಗಳಿಗೆ ಆಗ ಹಡಗೇ ದಾರಿಯಾಗಿತ್ತು. 19ನೇ ಶತಮಾನದ ಕೊನೆಯಲ್ಲಿ ಮೂರು ರೈಲ್ವೆ ಕಂಪನಿಗಳು ಇಲ್ಲಿನ ಕ್ಲೈಡ್ ಕೊಲ್ಲಿಯ ನೀರಿನಲ್ಲಿ ಪ್ರಯಾಣಿಕರಿಗಾಗಿ ಪೈಪೋಟಿಗೆ ಬಿದ್ದಿದ್ದವು.

ಅವುಗಳಲ್ಲಿ ನಾರ್ತ್ ಬ್ರಿಟಿಷ್ ರೈಲ್ವೆಯ 1899ರ ಪ್ಯಾಡಲ್ ಸ್ಟೀಮರ್ ‘ವೇವರ್ಲಿ’ಗೆ ವಾಲ್ಟರ್ ಸ್ಕಾಟ್‌ನ ಕಾದಂಬರಿಯ ಹೆಸರು. 1940ರ ಮೇ 29ರಂದು, ಎರಡನೇ ಮಹಾಯುದ್ಧದ ವೇಳೆ, ಫ್ರಾನ್ಸಿನ ಡಂಕರ್ಕ್‌ನಿಂದ ಸೈನಿಕರನ್ನು ಹೊತ್ತು ತರುವಾಗ ಬಾಂಬ್ ದಾಳಿಗೆ ಸಿಕ್ಕಿ ಅದು ಮುಳುಗಿತು. ಆ ರೈಲ್ವೆಯ ವಾರಸುದಾರ ಕಂಪನಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ, ಹಳೆಯ ಹಡಗನ್ನು ಕಟ್ಟಿದ್ದ ಗ್ಲಾಸ್ಗೋದ ಇಂಗ್ಲಿಸ್ ಕಾರ್ಖಾನೆಯಲ್ಲೇ ಅದೇ ಹೆಸರಿನ ಹೊಸ ಹಡಗು ಕಟ್ಟಿಸಿತು. 1946ರಲ್ಲಿ ನೀರಿಗಿಳಿದ ಹಡಗು 1947ರ ಜೂನ್‌ನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡಿತು. ಆದರೆ 1948ರ ಜನವರಿ 1ರಂದು ಬ್ರಿಟನ್ನಿನ ರೈಲ್ವೆಗಳೆಲ್ಲ ರಾಷ್ಟ್ರೀಕರಣಗೊಂಡವು. ಕಟ್ಟಿಸಿದವರಿಗೆ ಅದು ದಕ್ಕಿದ್ದು ಒಂದೇ ಬೇಸಿಗೆ.

ಈ ಹೊಸ ವೇವರ್ಲಿಯ ಎಂಜಿನ್ ಮುಚ್ಚಿದ ಕೋಣೆಯಲ್ಲಿಲ್ಲ. ಪಕ್ಕದ ಓಣಿಯಲ್ಲಿ ನಿಂತು ಯಾರು ಬೇಕಾದರೂ ನೋಡಬಹುದು. ಬಾಯ್ಲರಿನ ಹಬೆ ಮೊದಲು ಸಣ್ಣ ಸಿಲಿಂಡರಿನಲ್ಲಿ, ಆಮೇಲೆ ಅದಕ್ಕಿಂತ ದೊಡ್ಡದರಲ್ಲಿ, ಕೊನೆಗೆ ಎಲ್ಲಕ್ಕಿಂತ ದೊಡ್ಡದರಲ್ಲಿ ದುಡಿದೇ ತಣಿಯುತ್ತದೆ. ಮೂರು ಭಾರೀ ದಂಡಗಳು ಎಣ್ಣೆ ಮೆತ್ತಿಕೊಂಡು ಹೊಳೆಯುತ್ತ ಒಂದೇ ಅಚ್ಚನ್ನು ತಿರುಗಿಸುತ್ತವೆ. ನೀರು ತಳ್ಳಿ ಹಡಗನ್ನು ಓಡಿಸುವ ಎರಡೂ ಬದಿಯ ಪ್ಯಾಡಲ್ ಚಕ್ರಗಳು ಆ ಅಚ್ಚಿಗೇ ಬಿಗಿದಿರುವುದರಿಂದ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಲಾಗದು. ಗಾಳಿ ಬೀಸುವಾಗ ಕಟ್ಟೆಗೆ ತಾಗಿಸಿ ನಿಲ್ಲಿಸುವುದು ಕ್ಯಾಪ್ಟನ್‌ನ ಕೈಚಳಕಕ್ಕೆ ನಿಜವಾದ ಪರೀಕ್ಷೆ.

ಕಾರುಗಳು ಹೆಚ್ಚಿದವು, ಕಾರು ಸಾಗಿಸುವ ದೋಣಿಗಳೂ ಬಂದವು. 1973ರಲ್ಲಿ ವೇವರ್ಲಿಯ ಓಡಾಟ ನಿಂತಿತು. ಮರುವರ್ಷ ಪ್ಯಾಡಲ್ ಸ್ಟೀಮರ್ ಸಂರಕ್ಷಣಾ ಸಂಘಕ್ಕೆ ಅದನ್ನು ಕೇವಲ 1 ಪೌಂಡಿಗೆ ಮಾರಿದರು. ದಡದಲ್ಲಿ ಕಟ್ಟಿಹಾಕಿ ಪ್ರದರ್ಶನಕ್ಕೆ ಇಟ್ಟಿದ್ದರೂ ಯಾರೂ ದೂರುತ್ತಿರಲಿಲ್ಲ. ಆದರೆ ಅಭಿಮಾನಿಗಳು ಹಣ ಕೂಡಿಸಿ, ಮೈಬಗ್ಗಿಸಿ ದುಡಿದು, 1975ರಲ್ಲಿ ಮತ್ತೆ ಕಡಲಿಗಿಳಿಸಿದರು. 1977ರಲ್ಲಿ ಡುನೂನ್ ಬಳಿ ಬಂಡೆಗೆ ಬಡಿದರೂ ಉಳಿದುಕೊಂಡಿತು. ಯಂತ್ರಕ್ಕೆ ಸಲ್ಲಬೇಕಾದ ನಿಜವಾದ ಗೌರವವೆಂದರೆ ಅದನ್ನು ದುಡಿಯಲು ಬಿಡುವುದು. ಆ ಜನ ಅದನ್ನು ಮಾಡಿ ತೋರಿಸಿದರು.

ಕಡಲಲ್ಲಿ ಪ್ರಯಾಣಿಕರನ್ನು ಹೊತ್ತು ಓಡುವ ಪ್ಯಾಡಲ್ ಸ್ಟೀಮರ್ ಜಗತ್ತಿನಲ್ಲಿ ಈಗ ಇದೊಂದೇ. ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುವವರು ಇದಕ್ಕೆಂದೇ ಒಂದು ದಿನ ಎತ್ತಿಡಿ. ಡೆಕ್ಕಿನ ಮೇಲೇ ಕೂತುಬಿಡದೆ, ಎಂಜಿನ್ ಪಕ್ಕದ ಆ ಓಣಿಗೆ ಇಳಿದು ನೋಡಿ.